ಧಾನ್ಯದ ಕಣಜದಿಂದ ಡೇಟಾ ಸೆಂಟರ್‌ವರೆಗೆ: ಭೌತಿಕ ಸ್ಥಿತಿಗತಿಗಳು ಸಮಾಜವನ್ನು ರೂಪಿಸುವ ಬಗೆ

ಕೃತಕ ಬುದ್ಧಿಮತ್ತೆಯಿಂದ ದುಡಿಮೆಯ ಸ್ವರೂಪವೇ ಬದಲಾಗಲಿದೆ, ಸೌರಶಕ್ತಿ ಅಗ್ಗವಾದಂತೆ ಅಧಿಕಾರವೂ ಜನರ ನಡುವೆ ಹಂಚಿಹೋಗಲಿದೆ ಎಂಬ ಮಾತುಗಳು ಈಗ ಎಲ್ಲೆಡೆ ಕೇಳಿಬರುತ್ತಿವೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ತಮಗೆ ಅರಿವಿಲ್ಲದೆಯೇ ಹತ್ತೊಂಬತ್ತನೆಯ ಶತಮಾನದ ಒಂದು ಸಿದ್ಧಾಂತವನ್ನು ಅದರ ತೀರ ಒರಟು ರೂಪದಲ್ಲಿ ಒಪ್ಪಿಕೊಂಡಿರುತ್ತಾರೆ. ಉಪಕರಣ ಬದಲಾದರೆ ಸಮಾಜವೂ ತಾನಾಗಿ ಬದಲಾಗುತ್ತದೆ ಎಂಬುದೇ ಆ ರೂಪ. ಇದಕ್ಕೆ ಎದುರಾಗಿ, ಸಮಾಜಗಳ ಏಳುಬೀಳನ್ನು ನಿರ್ಧರಿಸುವುದು ಜನರ ನಂಬಿಕೆ, ಮೌಲ್ಯ ಮತ್ತು ನಾಯಕತ್ವವೇ ಹೊರತು ಧಾನ್ಯ, ಕಲ್ಲಿದ್ದಲು, ಯಂತ್ರಗಳಲ್ಲ ಎನ್ನುವವರೂ ಇದ್ದಾರೆ. ಚರಿತ್ರೆಯ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಎರಡೂ ನಿಲುವುಗಳು ಉಳಿಯುವುದಿಲ್ಲ. ಭೌತಿಕ ಸ್ಥಿತಿಗತಿಗಳು ಸಮಾಜವನ್ನು ಆಳವಾಗಿ ರೂಪಿಸುತ್ತವೆ ಎಂಬುದು ನಿಜ. ಆದರೆ ಯಾರು ಏನನ್ನು ಕೂಡಿಡಬಲ್ಲರು, ಯಾರು ಏನನ್ನು ತಡೆದು ನಿಲ್ಲಿಸಬಲ್ಲರು, ಯಾರು ಇರುವ ಜಾಗ ಬಿಟ್ಟು ಎದ್ದು ಹೋಗಬಲ್ಲರು ಎಂಬುದನ್ನು ಬದಲಿಸುವ ಮೂಲಕವೇ ಅವು ಆ ಕೆಲಸವನ್ನು ಮಾಡುತ್ತವೆ. ಹೀಗೆ ಬದಲಾದ ಬಲಾಬಲದಿಂದ ಎಂಥ ಸಮಾಜ ಹೊರಬರುತ್ತದೆ ಎಂಬುದು ಮನುಷ್ಯರ ನಡುವಿನ ಹೋರಾಟ ಮತ್ತು ಒಪ್ಪಂದಗಳಿಗೆ ಬಿಟ್ಟದ್ದು.

ಈ ಚಿಂತನೆಗೆ ಖಚಿತ ರೂಪ ಕೊಟ್ಟವರು ಕಾರ್ಲ್ ಮಾರ್ಕ್ಸ್. ಅರ್ಥಶಾಸ್ತ್ರದ ವಿಮರ್ಶೆಯಾಗಿ 1859ರಲ್ಲಿ ಪ್ರಕಟಿಸಿದ ಕೃತಿಯ ಮುನ್ನುಡಿಯಲ್ಲಿ ಅವರು, ಮನುಷ್ಯರು ಬದುಕಿಗೆ ಬೇಕಾದುದನ್ನು ಉತ್ಪಾದಿಸಿಕೊಳ್ಳುವ ಬಗೆಯೇ ಕಾನೂನು, ರಾಜಕೀಯ, ಧರ್ಮ ಮತ್ತು ತತ್ತ್ವಚಿಂತನೆಗಳಿಗೆ ತಳಹದಿ ಎಂದು ವಾದಿಸಿದರು. ಉಪಕರಣ, ಕೌಶಲ, ಇಂಧನ ಮುಂತಾದ ಉತ್ಪಾದನಾ ಶಕ್ತಿಗಳು ಬೆಳೆಯುತ್ತ ಹೋದಂತೆ ಹಳೆಯ ಒಡೆತನದ ಸಂಬಂಧಗಳು ಅವುಗಳಿಗೆ ತೊಡಕಾಗಿ ಪರಿಣಮಿಸುತ್ತವೆ, ಆಗ ಸಾಮಾಜಿಕ ಕ್ರಾಂತಿಯ ಕಾಲ ಒದಗುತ್ತದೆ ಎಂಬುದು ಆ ವಾದದ ತಿರುಳು. ಈ ವಾದವನ್ನು ಯಾಂತ್ರಿಕವಾಗಿ ಓದುವ ಅಪಾಯ ಅದರ ಜೊತೆಗಾರರಿಗೇ ಬೇಗ ಗೋಚರಿಸಿತ್ತು. ಮಾರ್ಕ್ಸ್ ತೀರಿಕೊಂಡ ಏಳು ವರ್ಷಗಳ ಬಳಿಕ, 1890ರಲ್ಲಿ ಜೋಸೆಫ್ ಬ್ಲಾಖ್ ಅವರಿಗೆ ಬರೆದ ಪತ್ರದಲ್ಲಿ ಮಾರ್ಕ್ಸ್ ಅವರ ಸಹಲೇಖಕ ಫ್ರೆಡರಿಕ್ ಎಂಗೆಲ್ಸ್, ಆರ್ಥಿಕ ಅಂಶವು ಅಂತಿಮವಾಗಿ ನಿರ್ಣಾಯಕವೇ ಹೊರತು ಅದೊಂದೇ ನಿರ್ಣಾಯಕ ಎಂದು ತಾವಾಗಲಿ ಮಾರ್ಕ್ಸ್ ಆಗಲಿ ಎಂದೂ ಹೇಳಿಲ್ಲವೆಂದು ಸ್ಪಷ್ಟಪಡಿಸಿದರು. 'ಅಂತಿಮವಾಗಿ' ಎಂದರೆ ಎಲ್ಲಿಯವರೆಗೆ, ಯಾವ ದಾರಿಯಿಂದ ಎಂಬ ಪ್ರಶ್ನೆ ಅಲ್ಲಿಂದ ಇಲ್ಲಿಯವರೆಗೂ ಉಳಿದುಕೊಂಡಿದೆ. ಸಿದ್ಧಾಂತದ ಪದಗಳನ್ನು ಮತ್ತೆ ಮತ್ತೆ ಜರಡಿ ಹಿಡಿಯುವುದಕ್ಕಿಂತ, ಒಂದೇ ಭೌತಿಕ ಸ್ಥಿತಿ ಬೇರೆಬೇರೆ ಫಲ ಕೊಟ್ಟ ಸಂದರ್ಭಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಈ ಪ್ರಶ್ನೆಗೆ ಹೆಚ್ಚು ಉಪಯುಕ್ತ ಎಂದು ನನಗೆ ತೋರುತ್ತದೆ.

ಬೇಸಾಯದ ಕಥೆಯನ್ನು ಸಾಮಾನ್ಯವಾಗಿ ಹೇಳುವ ಕ್ರಮ ಸರಳವಾಗಿದೆ. ಮನುಷ್ಯರು ಬೇಸಾಯ ಕಲಿತರು, ಉಂಡು ಮಿಗುವಷ್ಟು ಬೆಳೆದರು, ಆ ಮಿಗುತಾಯದಿಂದ ನಗರ, ಅರಸ, ಪುರೋಹಿತ, ಸೈನ್ಯ ಎಲ್ಲವೂ ಹುಟ್ಟಿದವು ಎಂಬುದು ಆ ಕಥೆ. ಕಾಲದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಪಶ್ಚಿಮ ಏಷ್ಯಾದಲ್ಲಿ ಗೋಧಿ ಮತ್ತು ಬಾರ್ಲಿಯ ಬೇಸಾಯ ಆರಂಭವಾದದ್ದು ಸುಮಾರು 11,000 ವರ್ಷಗಳ ಹಿಂದೆ. ಅದೇ ಭಾಗದ ಮೆಸೊಪೊಟೇಮಿಯಾದಲ್ಲಿ ತೆರಿಗೆ ಎತ್ತುವ, ಲೆಕ್ಕ ಬರೆದಿಡುವ ರಾಜ್ಯಗಳು ಕಾಣಿಸಿಕೊಂಡದ್ದು ಸುಮಾರು 5,000 ವರ್ಷಗಳ ಹಿಂದೆ. ನಡುವಣ ಐದಾರು ಸಾವಿರ ವರ್ಷಗಳ ಕಾಲ ಜನರು ಬೆಳೆ ಬೆಳೆಯುತ್ತ, ಪಶು ಸಾಕುತ್ತ, ಜೊತೆಗೆ ಬೇಟೆಯನ್ನೂ ಆಡುತ್ತ, ಅರಸರಿಲ್ಲದೆಯೇ ಬದುಕಿದರು. ನ್ಯೂಗಿನಿಯ ಎತ್ತರದ ಪ್ರದೇಶಗಳಲ್ಲಿ ಕೆಸು, ಬಾಳೆ ಮುಂತಾದವುಗಳ ಬೇಸಾಯ ಸುಮಾರು 7,000 ವರ್ಷಗಳಷ್ಟು ಹಳೆಯದು. ಅಲ್ಲಿ ಹೊರಗಿನವರು ಬರುವ ತನಕ ರಾಜ್ಯವೇ ಹುಟ್ಟಲಿಲ್ಲ. ಹಾಗಾಗಿ ಬೇಸಾಯದಿಂದ ರಾಜ್ಯ ಎಂಬ ನೇರ ಸೂತ್ರ ಕೈಕೊಡುತ್ತದೆ.

ಇಲ್ಲಿ ವ್ಯತ್ಯಾಸ ಮಾಡಿದ್ದು ಬೆಳೆಯ ಸ್ವಭಾವ ಎಂಬ ವಾದ ಇತ್ತೀಚಿನ ದಶಕಗಳಲ್ಲಿ ಬಲ ಪಡೆದಿದೆ. ಗೋಧಿ, ಬಾರ್ಲಿ, ಭತ್ತ, ಮೆಕ್ಕೆಜೋಳಗಳು ಒಂದೇ ಋತುವಿನಲ್ಲಿ ಒಟ್ಟಿಗೆ ಮಾಗುತ್ತವೆ, ನೆಲದ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆ ನಿಂತಿರುತ್ತವೆ, ಒಕ್ಕಿ ಒಣಗಿಸಿದರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತವೆ, ಅಳೆದು ಸಾಗಿಸುವುದೂ ಸುಲಭ. ಸುಗ್ಗಿಯ ಹೊತ್ತಿಗೆ ಬಂದು ಪಾಲು ಕೇಳುವವನಿಗೆ ಇದಕ್ಕಿಂತ ಅನುಕೂಲವಾದ ಆಸ್ತಿ ಇನ್ನೊಂದಿಲ್ಲ. ಗೆಡ್ಡೆಗಳ ಸಂಗತಿ ಬೇರೆ. ಅವು ಮಣ್ಣಿನೊಳಗೇ ಇರುತ್ತವೆ, ಬೇಕಾದಾಗ ಬೇಕಾದಷ್ಟನ್ನು ಅಗೆದುಕೊಳ್ಳಬಹುದು, ಅಗೆದ ಮೇಲೆ ಬೇಗ ಕೊಳೆಯುತ್ತವೆ. ತೆರಿಗೆ ಎತ್ತುವವನು ಬಂದರೆ ತಾನೇ ನೆಲ ಅಗೆಯಬೇಕು, ಅಗೆದದ್ದನ್ನು ಕೂಡಲೇ ಉಣ್ಣಬೇಕು. ಆಂಡೀಸ್ ಪರ್ವತಗಳಲ್ಲಿ ಇಂಕಾ ಸಾಮ್ರಾಜ್ಯ ಆಲೂಗಡ್ಡೆಯನ್ನೂ ನೆಚ್ಚಿಕೊಂಡಿತ್ತಲ್ಲ ಎಂದು ಕೇಳಬಹುದು. ಆದರೆ ಅಲ್ಲಿನ ಜನರು ರಾತ್ರಿಯ ಹೆಪ್ಪುಗಟ್ಟಿಸುವ ಚಳಿ ಮತ್ತು ಹಗಲಿನ ಬಿಸಿಲನ್ನು ಬಳಸಿ ಆಲೂಗಡ್ಡೆಯ ನೀರನ್ನು ಹಿಂಡಿ ಒಣಗಿಸಿ, ವರ್ಷಗಳ ಕಾಲ ಉಳಿಯುವ 'ಚುನ್ಯೊ' ಆಗಿ ಮಾರ್ಪಡಿಸುತ್ತಿದ್ದರು. ಅದೂ ಮೆಕ್ಕೆಜೋಳದಂತೆಯೇ ಸಾಮ್ರಾಜ್ಯದ ಉಗ್ರಾಣಗಳನ್ನು ಸೇರುತ್ತಿತ್ತು. ಈ ಅಪವಾದವೇ ವಾದವನ್ನು ಇನ್ನಷ್ಟು ಖಚಿತಗೊಳಿಸುತ್ತದೆ: ಎಣಿಕೆಗೆ ಬಂದದ್ದು ಎಷ್ಟು ಬೆಳೆಯಿತು ಎಂಬುದಲ್ಲ, ಬೆಳೆದದ್ದನ್ನು ಬೇರೊಬ್ಬರು ಕೂಡಿಟ್ಟು ತಮ್ಮದಾಗಿಸಿಕೊಳ್ಳಬಹುದೇ ಎಂಬುದು. ಮೆಸೊಪೊಟೇಮಿಯಾದ ಉರುಕ್ ನಗರದಲ್ಲಿ ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಕೊನೆಯಲ್ಲಿ ಹುಟ್ಟಿದ ಬರಹದ ಅತ್ಯಂತ ಹಳೆಯ ಮಣ್ಣಿನ ಫಲಕಗಳಲ್ಲಿ ಬಹುಪಾಲು ಲೆಕ್ಕಪತ್ರಗಳು. ಬಾರ್ಲಿಯ ಅಳತೆ, ದುಡಿಯುವವರಿಗೆ ಕೊಟ್ಟ ಪಡಿ, ಕುರಿಗಳ ಎಣಿಕೆ ಅವುಗಳಲ್ಲಿ ದಾಖಲಾಗಿವೆ. ಕಾವ್ಯ ಮತ್ತು ಪ್ರಾರ್ಥನೆಗಳು ಬಹಳ ಕಾಲದ ನಂತರ ಬರಹಕ್ಕೆ ಬಂದವು.

ಕೂಡಿಡುವಿಕೆಯೇ ಮುಖ್ಯವೆಂದಾದರೆ ಬೇಸಾಯವಿಲ್ಲದ ಕಡೆಯೂ ಅದರ ಫಲ ಕಾಣಿಸಬೇಕು, ಮತ್ತು ಅದು ಕಾಣಿಸುತ್ತದೆ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಜನಾಂಗಗಳು ಆಹಾರಕ್ಕಾಗಿ ಬೆಳೆ ಬೆಳೆಯುತ್ತಿರಲಿಲ್ಲ. ಪ್ರತಿ ವರ್ಷ ನದಿಗಳನ್ನೇರಿ ಬರುವ ಸಾಲ್ಮನ್ ಮೀನುಗಳನ್ನು ಹಿಡಿದು, ಒಣಗಿಸಿ, ಹೊಗೆಯಾಡಿಸಿ ಇಡುತ್ತಿದ್ದರು. ಅವರಲ್ಲಿ ವಂಶಪಾರಂಪರ್ಯದ ಮುಖ್ಯಸ್ಥರಿದ್ದರು, ಮೇಲುಕೀಳಿನ ಅಂತಸ್ತುಗಳಿದ್ದವು, ಗುಲಾಮರೂ ಇದ್ದರು. ಇನ್ನೊಂದು ಕಡೆ, ಇಂದಿನ ಟರ್ಕಿಯಲ್ಲಿರುವ ಗೊಬೆಕ್ಲಿ ತೆಪೆಯ ಬೃಹತ್ ಕಲ್ಲುಕಂಬಗಳ ರಚನೆಗಳು ಕ್ರಿ.ಪೂ. ಸುಮಾರು 9500ರಷ್ಟು ಹಳೆಯವು. ಅವುಗಳನ್ನು ಕಟ್ಟಿದವರು ಕಾಡುಧಾನ್ಯ ಮತ್ತು ಬೇಟೆಯನ್ನು ನೆಚ್ಚಿಕೊಂಡವರು. ಜನರು ದೊಡ್ಡ ಪ್ರಮಾಣದಲ್ಲಿ ಒಂದುಗೂಡಿ ಒಂದು ಸಾಮೂಹಿಕ ನಂಬಿಕೆಗಾಗಿ ದುಡಿಯುವುದಕ್ಕೆ ಬೇಸಾಯ ಮೊದಲು ಬರಬೇಕಿರಲಿಲ್ಲ ಎಂಬುದನ್ನು ಈ ಜಾಗ ತೋರಿಸಿಕೊಟ್ಟಿದೆ. ಭೌತಿಕ ವಿವರಣೆಯನ್ನು ಒಪ್ಪುವವರು ಈ ಸಾಕ್ಷ್ಯವನ್ನು ಪಕ್ಕಕ್ಕೆ ಸರಿಸಬಾರದು. ನಂಬಿಕೆಗಳು ಬರಿಯ ನೆರಳಲ್ಲ, ಅವು ಜನರನ್ನು ಒಂದೆಡೆ ಸೇರಿಸಬಲ್ಲವು. ಸೇರಿದವರಿಗೆ ಉಣಿಸುವ ಅಗತ್ಯವೇ ಬೇಸಾಯದ ಕಡೆಗೆ ತಳ್ಳಿರಬಹುದು ಎಂಬ ಊಹೆಯೂ ಇದೆ.

ಎದ್ದು ಹೋಗುವ ಸಾಮರ್ಥ್ಯಕ್ಕೆ ಯುರೋಪಿನ ಮಹಾ ಪ್ಲೇಗ್‌ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 1347ರಿಂದ 1351ರ ನಡುವೆ ಹಬ್ಬಿದ ಆ ಪಿಡುಗು ಯುರೋಪಿನ ಮೂರನೆಯ ಒಂದರಿಂದ ಅರ್ಧದಷ್ಟು ಜನರನ್ನು ಬಲಿ ತೆಗೆದುಕೊಂಡಿತು ಎಂಬುದು ಇತಿಹಾಸಕಾರರ ಅಂದಾಜು. ನೆಲ ಅಷ್ಟೇ ಉಳಿಯಿತು, ದುಡಿಯುವ ಕೈಗಳು ಇಲ್ಲವಾದವು. ಬದುಕುಳಿದ ಕೂಲಿಯವನು ಹೆಚ್ಚು ಕೂಲಿ ಕೇಳಬಹುದಿತ್ತು, ಕೊಡದಿದ್ದರೆ ಪಕ್ಕದ ಜಮೀನ್ದಾರನ ಹೊಲಕ್ಕೆ ಹೋಗಬಹುದಿತ್ತು. ಇಂಗ್ಲೆಂಡಿನ ಆಳುವ ವರ್ಗ ಇದನ್ನು ಕೂಡಲೇ ಗುರುತಿಸಿತು. 1349ರ ಸುಗ್ರೀವಾಜ್ಞೆ ಮತ್ತು 1351ರ ಕಾನೂನಿನ ಮೂಲಕ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕಲು, ಕೆಲಸ ಬಿಟ್ಟು ಹೋಗುವವರನ್ನು ಶಿಕ್ಷಿಸಲು ಅದು ಯತ್ನಿಸಿತು. 1381ರಲ್ಲಿ ರೈತರು ದಂಗೆ ಎದ್ದರು, ದಂಗೆಯನ್ನು ಅಡಗಿಸಲಾಯಿತು. ಹಾಗಿದ್ದರೂ ಕಾನೂನು ಸೋತಿತು, ಏಕೆಂದರೆ ಕೂಲಿಯವರಿಗಾಗಿ ಜಮೀನ್ದಾರರೇ ಪರಸ್ಪರ ಪೈಪೋಟಿಗಿಳಿದಿದ್ದರು. ಮುಂದಿನ ಒಂದೂವರೆ ಶತಮಾನದಲ್ಲಿ ಇಂಗ್ಲೆಂಡಿನ ಜೀತಪದ್ಧತಿ ಸವೆದುಹೋಯಿತು.

ಕಥೆ ಇಲ್ಲಿಗೆ ನಿಂತಿದ್ದರೆ ದುಡಿಯುವವರು ಕಡಿಮೆಯಾದರೆ ಅವರ ಸ್ವಾತಂತ್ರ್ಯ ಹೆಚ್ಚುತ್ತದೆ ಎಂಬ ಸೂತ್ರ ಬರೆದುಬಿಡಬಹುದಿತ್ತು. ಆದರೆ ಎಲ್ಬೆ ನದಿಯ ಪೂರ್ವಕ್ಕೆ ನೆಲ ಇನ್ನೂ ಹೇರಳವಾಗಿತ್ತು, ದುಡಿಯುವವರು ಇನ್ನೂ ವಿರಳವಾಗಿದ್ದರು, ಮತ್ತು ಅಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧವಾದದ್ದು. ಪೋಲೆಂಡ್, ಪ್ರಷ್ಯಾ, ಬೊಹೀಮಿಯಾಗಳಲ್ಲಿ ಹದಿನೈದರಿಂದ ಹದಿನೇಳನೆಯ ಶತಮಾನದ ನಡುವೆ ರೈತರ ಮೇಲಿನ ಬಿಟ್ಟಿ ದುಡಿಮೆಯ ಹೊರೆ ಏರುತ್ತ ಹೋಯಿತು. ರಷ್ಯಾದಲ್ಲಿ 1649ರ ಕಾನೂನು ಸಂಹಿತೆ ರೈತರನ್ನು ನೆಲಕ್ಕೆ ಶಾಶ್ವತವಾಗಿ ಕಟ್ಟಿಹಾಕಿತು. ಆ ಕಟ್ಟು ಬಿಡುಗಡೆಯಾದದ್ದು 1861ರಲ್ಲಿ. ಒಂದೇ ಕೊರತೆ ಒಂದು ಕಡೆ ಜೀತವನ್ನು ಕರಗಿಸಿತು, ಇನ್ನೊಂದು ಕಡೆ ಅದನ್ನು ಗಟ್ಟಿಗೊಳಿಸಿತು. ಪಶ್ಚಿಮದ ಹಳ್ಳಿಗಳಲ್ಲಿ ರೈತರು ಶತಮಾನಗಳ ಕಾಲ ಒಟ್ಟಾಗಿ ಹೋರಾಡಿ ಗಳಿಸಿಕೊಂಡಿದ್ದ ರೂಢಿಯ ಹಕ್ಕುಗಳಿದ್ದವು, ಓಡಿಹೋದವನಿಗೆ ಆಶ್ರಯ ಕೊಡಬಲ್ಲ ನಗರಗಳಿದ್ದವು, ಜಮೀನ್ದಾರರಲ್ಲಿ ಒಗ್ಗಟ್ಟು ಇರಲಿಲ್ಲ. ಪೂರ್ವದಲ್ಲಿ ನಗರಗಳು ದುರ್ಬಲವಾಗಿದ್ದವು, ಜಮೀನ್ದಾರರು ಒಂದಾಗಿದ್ದರು, ಬಾಲ್ಟಿಕ್ ಬಂದರುಗಳ ಮೂಲಕ ಪಶ್ಚಿಮಕ್ಕೆ ಧಾನ್ಯ ಮಾರಿದರೆ ಒಳ್ಳೆಯ ಲಾಭವೂ ಇತ್ತು. ದುಡಿಯುವವರ ಕೊರತೆಯು ದುಡಿಯುವವರಿಗೆ ಬೆಲೆ ತಂದುಕೊಡುತ್ತದೆ ಎಂಬುದು ಎರಡೂ ಕಡೆ ನಿಜವೇ. ಆ ಬೆಲೆಯನ್ನು ದುಡಿಯುವವನೇ ಪಡೆಯುತ್ತಾನೋ, ಅಥವಾ ಬೆಲೆಬಾಳುವ ವಸ್ತುವಿನಂತೆ ಅವನನ್ನೇ ಬೇಲಿಯೊಳಗೆ ಇಡಲಾಗುತ್ತದೋ ಎಂಬುದು ಮಾತ್ರ ಕೊರತೆಯಿಂದಲೇ ಗೊತ್ತಾಗುವುದಿಲ್ಲ.

ಯಂತ್ರಗಳ ಸಂಗತಿಯೂ ಹೀಗೆಯೇ. 1793ರಲ್ಲಿ ಎಲೈ ವಿಟ್ನಿ ರೂಪಿಸಿದ ಹತ್ತಿ ಬಿಡಿಸುವ ಯಂತ್ರ, ಬೀಜದಿಂದ ಅರಳೆಯನ್ನು ಬೇರ್ಪಡಿಸುವ ಬೇಸರದ ದುಡಿಮೆಯನ್ನು ಬಹುಪಾಲು ಇಲ್ಲವಾಗಿಸಿತು. ದುಡಿಮೆ ಉಳಿಸುವ ಯಂತ್ರ ಬಂದ ಮೇಲೆ ಗುಲಾಮಗಿರಿ ಕುಗ್ಗಬೇಕಿತ್ತು. ಬದಲಿಗೆ ಹತ್ತಿ ಬೆಳೆಯುವುದು ಹೆಚ್ಚು ಲಾಭದಾಯಕವಾಯಿತು, ಬಿಡಿಸುವ ವೇಗಕ್ಕೆ ತಕ್ಕಂತೆ ಹೊಲದಲ್ಲಿ ಕೀಳುವ ಕೈಗಳಿಗೆ ಬೇಡಿಕೆ ಏರಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ ಸುಮಾರು 40 ಲಕ್ಷವಾಯಿತು. ಯಂತ್ರವೊಂದು ದುಡಿಮೆಯನ್ನು ಕಡಿಮೆ ಮಾಡುತ್ತದೆ ಎಂದು ಯಾರಾದರೂ ಹೇಳಿದಾಗ, ಆ ಯಂತ್ರ ಯಾವ ಒಡೆತನದ ವ್ಯವಸ್ಥೆಯೊಳಗೆ ಇಳಿಯುತ್ತಿದೆ ಎಂದು ಮೊದಲು ಕೇಳಬೇಕಾದದ್ದು ಈ ಕಾರಣಕ್ಕಾಗಿ.

ಕಲ್ಲಿದ್ದಲು ತಂದ ಬದಲಾವಣೆ ಇದಕ್ಕಿಂತ ಸೂಕ್ಷ್ಮವಾದದ್ದು. ಅದು ಕಾರ್ಖಾನೆಗಳಿಗೆ ಶಕ್ತಿ ಕೊಟ್ಟಿತು ಎಂಬುದು ಎಲ್ಲರಿಗೂ ತಿಳಿದ ವಿಚಾರ, ಆದರೆ ಅದು ದುಡಿಯುವವರ ಕೈಗೂ ಒಂದು ಹೊಸ ಅಸ್ತ್ರವನ್ನು ಕೊಟ್ಟಿತು. ಒಂದು ದೇಶದ ಇಡೀ ಶಕ್ತಿಯ ಪೂರೈಕೆ ಕೆಲವೇ ಗಣಿಗಳು, ಕೆಲವೇ ರೈಲುಮಾರ್ಗಗಳು ಮತ್ತು ಬಂದರುಗಳ ಮೂಲಕ ಹರಿಯತೊಡಗಿದಾಗ, ಆ ಜಾಗಗಳಲ್ಲಿ ನಿಂತು ಕೆಲಸ ಮಾಡುವವರು ಕೆಲಸ ನಿಲ್ಲಿಸಿದರೆ ದೇಶವೇ ನಿಲ್ಲುತ್ತಿತ್ತು. 1912ರಲ್ಲಿ ಬ್ರಿಟನ್ನಿನ ಸುಮಾರು 10 ಲಕ್ಷ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಸರ್ಕಾರ ಅದೇ ವರ್ಷ ಗಣಿಗಳಿಗೆ ಕನಿಷ್ಠ ಕೂಲಿಯ ಕಾನೂನನ್ನು ತರಬೇಕಾಯಿತು. ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ಕೈಗಾರಿಕಾ ದೇಶಗಳ ಕಾರ್ಮಿಕರು ಮತದಾನದ ವಿಸ್ತರಣೆ, ಕೆಲಸದ ಗಂಟೆಗಳ ಮಿತಿ, ಸಾಮಾಜಿಕ ವಿಮೆಗಳನ್ನು ಪಡೆದುಕೊಂಡದ್ದರ ಹಿಂದೆ ವಿಚಾರಗಳ ಬಲವಿತ್ತು. ಅದರ ಜೊತೆಗೆ, ಆ ವಿಚಾರಗಳನ್ನು ಕೇಳದೆ ಇರಲಾಗದಂತೆ ಮಾಡಿದ ಈ ತಡೆಯುವ ಬಲವೂ ಇತ್ತು.

ತಡೆಯುವ ಬಲಕ್ಕೆ ಎದುರಾಗಿ ನಿಲ್ಲಬಲ್ಲದ್ದು ಕೂಡಿಡುವ ಬಲ. 1925ರಲ್ಲಿ ಮುಷ್ಕರದ ಬೆದರಿಕೆ ಎದುರಾದಾಗ ಬ್ರಿಟಿಷ್ ಸರ್ಕಾರ ಗಣಿಗಳಿಗೆ ಒಂಬತ್ತು ತಿಂಗಳ ಸಹಾಯಧನ ಕೊಟ್ಟು ಕಾಲಾವಕಾಶ ಪಡೆದುಕೊಂಡಿತು, ಆ ಅವಧಿಯಲ್ಲಿ ಪೂರೈಕೆಯ ಸಿದ್ಧತೆ ಮಾಡಿಕೊಂಡಿತು, 1926ರ ಸಾರ್ವತ್ರಿಕ ಮುಷ್ಕರ ಒಂಬತ್ತು ದಿನಗಳಲ್ಲಿ ಮುರಿದುಬಿತ್ತು. 1984-85ರ ಗಣಿ ಮುಷ್ಕರದ ಹೊತ್ತಿಗೆ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನ ರಾಶಿಗಳನ್ನು ಮೊದಲೇ ಪೇರಿಸಿಡಲಾಗಿತ್ತು, ತೈಲ ಮತ್ತು ಪರಮಾಣು ವಿದ್ಯುತ್ ಕೂಡ ಕೈಗೆ ಸಿಗುವಂತಿದ್ದವು. ಸುಮಾರು ಒಂದು ವರ್ಷ ಹೋರಾಡಿದ ಕಾರ್ಮಿಕರು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಅವರ ಧೈರ್ಯ 1912ಕ್ಕಿಂತ ಕಡಿಮೆಯಿತ್ತು ಎಂದು ಹೇಳುವುದು ಅನ್ಯಾಯ. ಅವರ ಕಾಲ ಕೆಳಗಿನ ನೆಲ ಬದಲಾಗಿತ್ತು. ತೈಲಕ್ಕೆ ನೆಲದಡಿ ಇಳಿಯುವ ಲಕ್ಷಾಂತರ ಜನ ಬೇಕಿಲ್ಲ. ಅದು ಕೊಳವೆಗಳಲ್ಲಿ ಹರಿಯುತ್ತದೆ, ಹಡಗುಗಳಲ್ಲಿ ದಿಕ್ಕು ಬದಲಿಸುತ್ತದೆ. ತನ್ನ ನೌಕಾಪಡೆಯನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಬದಲಿಸುತ್ತಿದ್ದ ಬ್ರಿಟನ್ 1914ರಲ್ಲೇ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಬಹುಪಾಲು ಶೇರುಗಳನ್ನು ಕೊಂಡಿತ್ತು. ತಡೆಯುವ ಬಲ ಇಲ್ಲವಾಗಲಿಲ್ಲ, ಕಾರ್ಮಿಕರ ಕೈಯಿಂದ ತೈಲ ಉತ್ಪಾದಿಸುವ ರಾಜ್ಯಗಳ ಕೈಗೆ ಹೋಯಿತು. 1973ರಲ್ಲಿ ಅರಬ್ ರಾಷ್ಟ್ರಗಳು ಪೂರೈಕೆಯನ್ನು ಬಿಗಿಗೊಳಿಸಿದಾಗ ಕೆಲವೇ ತಿಂಗಳಲ್ಲಿ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು.

ಒಂದೇ ಖನಿಜ ನೆಲದಲ್ಲಿ ಹೇಗೆ ಬಿದ್ದಿದೆ ಎಂಬುದು ಕೂಡ ದೇಶದ ಹಣೆಬರಹಕ್ಕೆ ಕೈ ಹಾಕುತ್ತದೆ. ಬೋಟ್ಸ್‌ವಾನಾದ ವಜ್ರಗಳು ಆಳದ ಶಿಲಾಕೊಳವೆಗಳಲ್ಲಿವೆ. ಅವನ್ನು ತೆಗೆಯಲು ಭಾರೀ ಬಂಡವಾಳ, ಯಂತ್ರಗಳು, ದೀರ್ಘಕಾಲದ ಒಪ್ಪಂದಗಳು ಬೇಕು. ಸಿಯೆರಾ ಲಿಯೋನ್‌ನ ವಜ್ರಗಳಲ್ಲಿ ಬಹಳಷ್ಟು ನದೀಪಾತ್ರಗಳ ಮರಳಿನಲ್ಲಿ ಚೆಲ್ಲಿಕೊಂಡಿವೆ. ಸಲಿಕೆ ಮತ್ತು ಜರಡಿ ಇದ್ದರೆ ಸಾಕು, ಜೊತೆಗೆ ಬಂದೂಕಿದ್ದರೆ ಇಡೀ ಹೊಳೆದಂಡೆಯನ್ನೇ ವಶಪಡಿಸಿಕೊಳ್ಳಬಹುದು. 1991ರಿಂದ 2002ರವರೆಗಿನ ಅಲ್ಲಿನ ಅಂತರ್ಯುದ್ಧಕ್ಕೆ ಈ ವಜ್ರಗಳು ಹಣ ಒದಗಿಸಿದವು. ಹಾಗೆಂದು ಬೋಟ್ಸ್‌ವಾನಾದ ಯಶಸ್ಸನ್ನು ಶಿಲೆಯ ಆಳಕ್ಕೇ ಕಟ್ಟಲಾಗದು. 1966ರಲ್ಲಿ ಸ್ವತಂತ್ರವಾದ ಆ ದೇಶ ಮರುವರ್ಷವೇ ಕಾನೂನು ಮಾಡಿ ಖನಿಜದ ಹಕ್ಕುಗಳನ್ನು ಬುಡಕಟ್ಟುಗಳಿಂದ ಇಡೀ ರಾಷ್ಟ್ರಕ್ಕೆ ವರ್ಗಾಯಿಸಿತು. ಗಣಿಗಾರಿಕೆಯ ಕಂಪನಿಯಲ್ಲಿ ತನ್ನ ಪಾಲನ್ನು ಚೌಕಾಸಿ ಮಾಡುತ್ತ ಅರ್ಧಕ್ಕೆ ಏರಿಸಿಕೊಂಡಿತು. ಆ ನಿರ್ಧಾರಗಳಿಲ್ಲದಿದ್ದರೆ ಅದೇ ಆಳದ ವಜ್ರಗಳು ಬೇರೆಯವರ ತಿಜೋರಿ ಸೇರುತ್ತಿದ್ದವು.

ಸಂಸ್ಥೆಗಳೇ ಎಲ್ಲ ಎನ್ನುವವರು ಕೊರಿಯಾದ ಉದಾಹರಣೆಯನ್ನು ಮುಂದಿಡುತ್ತಾರೆ, ಮತ್ತು ಅದು ಗಂಭೀರವಾದ ಉದಾಹರಣೆ. 1945ರಲ್ಲಿ ಪರ್ಯಾಯ ದ್ವೀಪ ಇಬ್ಭಾಗವಾದಾಗ ಭಾರೀ ಕೈಗಾರಿಕೆ ಮತ್ತು ಜಲವಿದ್ಯುತ್ತಿನ ಬಹುಪಾಲು ಉತ್ತರದಲ್ಲಿತ್ತು. 1948ರ ಮೇ ತಿಂಗಳಲ್ಲಿ ಉತ್ತರವು ದಕ್ಷಿಣಕ್ಕೆ ಹೋಗುವ ವಿದ್ಯುತ್ತನ್ನೇ ಕಡಿದುಹಾಕಿತು. ಆರಂಭದಲ್ಲಿ ಮುಂದಿದ್ದ ಉತ್ತರ ಹಿಂದುಳಿಯಿತು, ದಕ್ಷಿಣ ಕೆಲವೇ ದಶಕಗಳಲ್ಲಿ ಕೈಗಾರಿಕಾ ರಾಷ್ಟ್ರವಾಯಿತು. ನಿಸರ್ಗ ಸಂಪತ್ತಿನ ಹಂಚಿಕೆಯೊಂದೇ ಭವಿಷ್ಯವನ್ನು ಬರೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಆದರೆ ದಕ್ಷಿಣದ ಸಂಸ್ಥೆಗಳೂ ಆಕಾಶದಿಂದ ಇಳಿದವಲ್ಲ. 1950ರ ಆಸುಪಾಸಿನ ಭೂಸುಧಾರಣೆ ಹಳೆಯ ಜಮೀನ್ದಾರರ ಬೆನ್ನೆಲುಬು ಮುರಿದಿತ್ತು. ಹಾಗಾಗಿ ಕೈಗಾರಿಕೀಕರಣವನ್ನು ತಡೆಯಬಲ್ಲ ಭೂಮಾಲೀಕ ವರ್ಗವೇ ಅಲ್ಲಿ ಉಳಿದಿರಲಿಲ್ಲ.

ವಿಚಾರಗಳು ಭೌತಿಕ ಸ್ಥಿತಿಯನ್ನು ಹಿಂಬಾಲಿಸುತ್ತವೆ ಎಂದರೆ ಸ್ಥಿತಿ ಬದಲಾದ ಕೂಡಲೇ ವಿಚಾರ ಬದಲಾಗುತ್ತದೆ ಎಂದರ್ಥವಲ್ಲ. ಗುದ್ದಲಿಯಿಂದ ಬೇಸಾಯ ಮಾಡುವ ಕಡೆ ಹೆಂಗಸರು ಹೊಲದ ಮುಖ್ಯ ದುಡಿಮೆಗಾರರಾಗಿರುತ್ತಾರೆ, ಮೈಬಲ ಬೇಡುವ ನೇಗಿಲು ಬಂದ ಕಡೆ ಹೊಲ ಗಂಡಸಿನದಾಗಿ ಹೆಂಗಸು ಮನೆಯೊಳಕ್ಕೆ ಸರಿಯುತ್ತಾಳೆ ಎಂದು ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರಲ್ಲಿ ವಾದಿಸಿದ್ದರು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಾದವನ್ನು ಬೇರೆಬೇರೆ ದೇಶಗಳ ಅಂಕಿಅಂಶಗಳೊಂದಿಗೆ ಪರೀಕ್ಷಿಸಿತು. ಪೂರ್ವಜರು ನೇಗಿಲು ಬಳಸುತ್ತಿದ್ದ ಸಮುದಾಯಗಳಲ್ಲಿ, ಬೇಸಾಯ ಬಿಟ್ಟು ವಲಸೆ ಹೋದವರ ಮಕ್ಕಳಲ್ಲೂ ಕೂಡ, ಹೆಂಗಸರ ಹೊರಗಿನ ದುಡಿಮೆಯ ಬಗ್ಗೆ ಹೆಚ್ಚು ಸಂಕುಚಿತ ಮನೋಭಾವ ಉಳಿದುಕೊಂಡಿರುವುದನ್ನು ಅದು ಕಂಡಿತು. ಹುಟ್ಟಿಸಿದ ಕಾರಣ ಮರೆಯಾದ ಮೇಲೂ ರೂಢಿ ತನ್ನದೇ ಬಲದಿಂದ ಮುಂದುವರಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 0.72ಕ್ಕೆ ಇಳಿದ ಜನನ ಪ್ರಮಾಣದ ಹಿಂದೆ ಇಂಥದೇ ಒಂದು ಬಿರುಕಿದೆ ಎಂಬುದು ನನ್ನ ಅಭಿಪ್ರಾಯ. ಹೆಂಗಸರು ಓದಿ, ದುಡಿದು ಗಳಿಸುವ ಆರ್ಥಿಕತೆ ಬಂದಾಗಿದೆ, ಆದರೆ ಮಗು ಮತ್ತು ಮನೆಯ ಹೊಣೆ ಅವರದೇ ಎಂಬ ನಿರೀಕ್ಷೆ ಹಳೆಯ ಆರ್ಥಿಕತೆಯದು. ಈ ಎರಡರ ನಡುವೆ ಸಿಕ್ಕಿದವರಿಗೆ ಸರ್ಕಾರದ ಉಪದೇಶದಿಂದ ಯಾವ ಪ್ರಯೋಜನವೂ ಆಗುತ್ತಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ತಂತ್ರಜ್ಞಾನದ ಕಡೆ ತಿರುಗಿದರೆ ಚರ್ಚೆಯ ರೂಪವೇ ಬದಲಾಗುತ್ತದೆ. ಕೃತಕ ಬುದ್ಧಿಮತ್ತೆಯನ್ನು ಬರಿಯ ಗಣಿತ, ಬರಿಯ ಜ್ಞಾನ ಎಂಬಂತೆ ಮಾತನಾಡುವ ರೂಢಿಯಿದೆ. ವಾಸ್ತವದಲ್ಲಿ ಅದಕ್ಕೆ ಭಾರೀ ದೇಹವಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಸುಮಾರು 415 ಟೆರಾವಾಟ್ ಗಂಟೆಗಳಷ್ಟು, ಅಂದರೆ ಒಟ್ಟು ವಿದ್ಯುತ್ತಿನ ಶೇ 1.5ರಷ್ಟನ್ನು ಬಳಸಿದವು, 2030ರ ಹೊತ್ತಿಗೆ ಅದು ಸುಮಾರು 945 ಟೆರಾವಾಟ್ ಗಂಟೆಗಳಿಗೆ ಏರಬಹುದು ಎಂಬುದು ಅದೇ ಸಂಸ್ಥೆಯ ಮುನ್ನಂದಾಜು. ಅತ್ಯಾಧುನಿಕ ಚಿಪ್‌ಗಳಲ್ಲಿ ಬಹುಪಾಲು ತೈವಾನ್‌ನಲ್ಲಿ ತಯಾರಾಗುತ್ತವೆ. ಅವುಗಳನ್ನು ಕೆತ್ತಲು ಬೇಕಾದ ತೀವ್ರ ನೇರಳಾತೀತ ಬೆಳಕಿನ ಯಂತ್ರಗಳನ್ನು ಮಾಡುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಎಂಬ ಒಂದೇ ಕಂಪನಿ. ಇಷ್ಟು ಕಿರಿದಾದ ಕಂಡಿಯ ಮೂಲಕ ಹರಿಯುವ ಸಾಮರ್ಥ್ಯ ಕೆಲವರ ಕೈಯಲ್ಲಿ ಕೂಡಿಬೀಳುವುದು ಸಹಜ. ಅದನ್ನು ಬಳಸುವವರಿಗೆ ಬಿಟ್ಟು ಹೋಗಲು ಬೇರೆ ಜಾಗವೂ ಹೆಚ್ಚಿಲ್ಲ.

ದುಡಿಯುವವರ ದೃಷ್ಟಿಯಿಂದ ಇಲ್ಲಿ ಒಂದು ಕಠಿಣ ಅಸಮಾನತೆ ಕಾಣುತ್ತದೆ. 2023ರಲ್ಲಿ ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ಬರಹಗಾರರು 148 ದಿನ ಮುಷ್ಕರ ಹೂಡಿ, ಕೃತಕ ಬುದ್ಧಿಮತ್ತೆಯ ಬಳಕೆಯ ಮೇಲೆ ಒಪ್ಪಂದದಲ್ಲೇ ಮಿತಿಗಳನ್ನು ಬರೆಸಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಅದೇ ದೇಶದ ಪೂರ್ವ ಕರಾವಳಿಯ ಬಂದರು ಕಾರ್ಮಿಕರು ಮೂರು ದಿನ ಕೆಲಸ ನಿಲ್ಲಿಸಿದರು. ಕೂಲಿಯ ಜೊತೆಗೆ ಯಂತ್ರೀಕರಣದ ವಿರುದ್ಧ ರಕ್ಷಣೆಯೂ ಅವರ ಬೇಡಿಕೆಯಾಗಿತ್ತು, ಮುಂದಿನ ಒಪ್ಪಂದದಲ್ಲಿ ಅದು ಅವರಿಗೆ ದೊರೆಯಿತು. ಈ ಎರಡೂ ಗುಂಪುಗಳು ಸಂಘಟಿತವಾಗಿದ್ದವು, ಮತ್ತು ಮುಂದೆ ಆಗಬೇಕಾದ ಕೆಲಸವನ್ನು ನಿಲ್ಲಿಸುವ ಶಕ್ತಿ ಅವುಗಳ ಬಳಿ ಇತ್ತು. ಆದರೆ ಒಂಟಿಯಾಗಿ, ಬಿಡಿ ಕೆಲಸಗಳ ಮೇಲೆ ಬದುಕುವ ಅನುವಾದಕರು ಮತ್ತು ಚಿತ್ರಕಾರರ ಸ್ಥಿತಿ ಹಾಗಿಲ್ಲ. ಅವರು ವರ್ಷಗಳ ಕಾಲ ಮಾಡಿದ ಕೆಲಸ ಈಗಾಗಲೇ ಅಂತರ್ಜಾಲದಿಂದ ಸಂಗ್ರಹವಾಗಿ, ಯಂತ್ರಗಳ ತರಬೇತಿಗೆ ಬಳಕೆಯಾಗಿಬಿಟ್ಟಿದೆ. ನಾಳೆ ಅವರು ಕೆಲಸ ನಿಲ್ಲಿಸಿದರೂ ನಿನ್ನೆಯ ಕೆಲಸವನ್ನು ಹಿಂದಕ್ಕೆ ಪಡೆಯಲಾರರು. ಅವರ ಪರವಾಗಿ ಉಳಿದಿರುವುದು ನ್ಯಾಯಾಲಯ ಮತ್ತು ಕಾನೂನಿನ ದಾರಿ ಮಾತ್ರ, ಅದು ನಿಧಾನದ ದಾರಿ.

ಸೌರಶಕ್ತಿಯ ವಿಷಯದಲ್ಲಿ ಆಶಾವಾದಕ್ಕೆ ಹೆಚ್ಚು ಆಧಾರವಿದೆ, ಆದರೆ ಅದು ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ. ಬಿಸಿಲು ಎಲ್ಲರದು ಎಂಬ ಮಾತು ನಿಜವಾದರೂ ಬಿಸಿಲನ್ನು ವಿದ್ಯುತ್ತಾಗಿಸುವ ಫಲಕ ಎಲ್ಲರದಲ್ಲ. ಅದರ ತಯಾರಿಕೆಯ ಎಲ್ಲ ಮುಖ್ಯ ಹಂತಗಳಲ್ಲೂ ಚೀನಾದ ಪಾಲು ಶೇ 80ನ್ನು ಮೀರಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ವರದಿ ಮಾಡಿತ್ತು. ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್ ಅದಿರಿನ ಬಹುಪಾಲು ಬರುವುದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. 2025ರ ಏಪ್ರಿಲ್‌ನಲ್ಲಿ ಚೀನಾ, ಬಲಿಷ್ಠ ಅಯಸ್ಕಾಂತ ಮುಂತಾದವುಗಳಿಗೆ ಬೇಕಾದ ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿಯ ನಿರ್ಬಂಧ ಹೇರಿದಾಗ ತಡೆಯುವ ಬಲ ಈಗ ಎಲ್ಲಿದೆ ಎಂಬುದು ಜಗತ್ತಿಗೆ ತಿಳಿಯಿತು. ಹಾಗಿದ್ದೂ ತೈಲ ಮತ್ತು ಫಲಕದ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ತೈಲವನ್ನು ತಡೆದರೆ, ದಾಸ್ತಾನು ಮುಗಿದ ಕೂಡಲೇ ಇರುವ ವಾಹನಗಳೂ ನಿಲ್ಲುತ್ತವೆ. ಫಲಕಗಳ ರಫ್ತು ತಡೆದರೆ ಹೊಸದಾಗಿ ಹಾಕುವುದಷ್ಟೇ ನಿಲ್ಲುತ್ತದೆ, ಹಾಕಿದ್ದು ಇಪ್ಪತ್ತೈದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ವಿದ್ಯುತ್ ಕೊಡುತ್ತಲೇ ಇರುತ್ತದೆ. ಈ ತಂತ್ರಜ್ಞಾನದಲ್ಲಿ ಅಡಗಿರುವ ಸ್ವಾತಂತ್ರ್ಯದ ನಿಜವಾದ ಮೂಲ ಇದೇ. ಅದನ್ನು ಗುರುತಿಸುವವರು ಕಡಿಮೆ ಎಂಬುದು ಬೇಸರದ ಸಂಗತಿ.

ಒಡೆತನದ ರೂಪ ಯಾವುದೆಂಬುದು ಇಲ್ಲಿಯೂ ತೆರೆದ ಪ್ರಶ್ನೆ. ಕೋಪನ್‌ಹೇಗನ್ ಬಳಿಯ ಸಮುದ್ರದಲ್ಲಿ 2000ದಲ್ಲಿ ಸ್ಥಾಪನೆಯಾದ ಮಿಡೆಲ್‌ಗ್ರುಂಡನ್ ಪವನ ವಿದ್ಯುತ್ ಸ್ಥಾವರದ 20 ಗಾಳಿಯಂತ್ರಗಳಲ್ಲಿ ಅರ್ಧದಷ್ಟನ್ನು 8,000ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘವೊಂದು ಕೊಂಡುಕೊಂಡಿತು. 2009ರಲ್ಲಿ ಜಾರಿಗೆ ಬಂದ ಡೆನ್ಮಾರ್ಕಿನ ಕಾನೂನು, ಹೊಸ ಪವನ ಯೋಜನೆಗಳ ಕನಿಷ್ಠ ಶೇ 20ರಷ್ಟು ಪಾಲನ್ನು ಸ್ಥಳೀಯರಿಗೆ ಮಾರಾಟಕ್ಕೆ ಇಡಬೇಕೆಂದು ವಿಧಿಸಿತು. ಇದೇ ಗಾಳಿ, ಇದೇ ಯಂತ್ರ ಬೇರೆ ಕಡೆಗಳಲ್ಲಿ ಪೂರ್ತಿಯಾಗಿ ದೊಡ್ಡ ಕಂಪನಿಗಳ ಕೈಯಲ್ಲಿದೆ. ಮುಂದಿನ ಹಂತದ ಹಗ್ಗಜಗ್ಗಾಟ ವಿದ್ಯುತ್ತಿನ ಸಂಗ್ರಹಣೆಯ ಮೇಲೆ ನಡೆಯಲಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ವಿದ್ಯುತ್ತು, ಜಲಾಶಯಗಳಂಥ ಕೆಲವು ಏರ್ಪಾಟುಗಳನ್ನು ಬಿಟ್ಟರೆ, ಹುಟ್ಟಿದ ಕ್ಷಣದಲ್ಲೇ ಬಳಕೆಯಾಗಬೇಕಾದ ಸರಕಾಗಿತ್ತು. ಅಗ್ಗದ ಬ್ಯಾಟರಿಗಳಿಂದಾಗಿ ಈಗ ಅದನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡಬಹುದಾಗಿದೆ. ಬೆಲೆ ಇಳಿದಾಗ ತುಂಬಿಕೊಂಡು ಏರಿದಾಗ ಮಾರುವ ಈ ಸಾಮರ್ಥ್ಯ ಮನೆಮನೆಯ ಬ್ಯಾಟರಿಗಳಲ್ಲಿ ಹರಡಿಕೊಳ್ಳುತ್ತದೋ, ಸಹಕಾರ ಸಂಘಗಳ ಪಾಲಾಗುತ್ತದೋ, ಕೆಲವೇ ಹೂಡಿಕೆದಾರರ ಭಾರೀ ಸಂಗ್ರಹಾಗಾರಗಳಲ್ಲಿ ಸೇರಿಕೊಳ್ಳುತ್ತದೋ ಎಂಬುದನ್ನು ಬ್ಯಾಟರಿಯ ರಸಾಯನಶಾಸ್ತ್ರ ತೀರ್ಮಾನಿಸುವುದಿಲ್ಲ. ಐರೋಪ್ಯ ಒಕ್ಕೂಟದ 2019ರ ವಿದ್ಯುತ್ ನಿರ್ದೇಶನವು ವಿತರಣಾ ಜಾಲ ನಡೆಸುವ ಕಂಪನಿಗಳು ಸಂಗ್ರಹಣಾ ಘಟಕಗಳ ಒಡೆಯರಾಗುವುದನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿದೆ. ಜಾಲಕ್ಕೆ ಯಾರು ಮೊದಲು ಸಂಪರ್ಕ ಪಡೆಯಬೇಕು, ಮನೆಯ ಬ್ಯಾಟರಿಯಿಂದ ಮಾರಿದ ವಿದ್ಯುತ್ತಿಗೆ ಯಾವ ದರ ಸಿಗಬೇಕು ಎಂಬ ನಿಯಮಗಳನ್ನು ಅನೇಕ ದೇಶಗಳ ನಿಯಂತ್ರಣ ಮಂಡಳಿಗಳು ಈಗ ಬರೆಯುತ್ತಿವೆ, ಅಂಥ ಕರಡುಗಳ ಮೇಲೆ ಆಕ್ಷೇಪಣೆ ಸಲ್ಲಿಸುವವರಲ್ಲಿ ಸಾಮಾನ್ಯ ಬಳಕೆದಾರರ ಪರವಾಗಿ ಮಾತನಾಡುವವರು ಬಹಳ ಕಡಿಮೆ.